ಬೈಗುಳದ ನೆಂಟ

ಅಬಿಜಾನ್
೨೦ ನವೆಂಬರ್ ೧೯೮೮

ಅವ್ವನಿಗೆ,

ಬದುಕಿದ್ದೇನೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಕವರು ಒಡೆಯುವಾಗ ನಿನ್ನ ಕೈ ನಡುಗುತ್ತದೆ; ನಡುಗಲೇ ಇಲ್ಲ ಎಂದು ಆಮೇಲೆ ಹೆಂಡ ಕುಡಿಯಲು ಬಂದವರ ಹತ್ತಿರವೆಲ್ಲ ಹೇಳುತ್ತೀಯ.

ಕುದುಗುವಿನಲ್ಲಿ ರೈಲು ಹತ್ತಿ ಇವತ್ತಿಗೆ ನಲವತ್ತಾರು ದಿನ. ಅದರಲ್ಲಿ ನಲವತ್ತು ದಿನ ಕೆಲಸ ಹುಡುಕುವುದೇ ನನ್ನ ಕೆಲಸವಾಗಿತ್ತು. ಬಂದರಿನ ಗೇಟಿನ ಮುಂದೆ ಬೆಳಗಿನ ಜಾವಕ್ಕೇ ಮುನ್ನೂರು ಜನ ನಿಂತಿರುತ್ತಾರೆ. ಮೇಸ್ತ್ರಿ ಬಂದು ಹೆಗಲು ಮುಟ್ಟಿ ನೋಡಿ ಇಪ್ಪತ್ತು ಜನರನ್ನು ಒಳಗೆ ಬಿಡುತ್ತಾನೆ. ನನ್ನ ಹೆಗಲನ್ನು ಅವನು ಒಂಬತ್ತು ಸಲ ಮುಟ್ಟಿದ, ಸಂತೆಯಲ್ಲಿ ಮಾವಿನಹಣ್ಣು ಹಿಸುಕಿ ವಾಪಸು ಇಡುವವರ ಹಾಗೆ. ಆಮೇಲೆ ಮರದ ಡಿಪೋ, ಬಿಸ್ಕತ್ತಿನ ಕಾರ್ಖಾನೆ, ಇಗರ್ಜಿ ಕಟ್ಟುತ್ತಿದ್ದ ಒಂದು ಜಾಗ. ಎಲ್ಲಿ ಹೋದರೂ ಒಂದೇ ಪ್ರಶ್ನೆ: ನೀನು ಯಾರ ಕಡೆಯವನು? ತೊಮಾದ ಹಿಟ್ಟಿನ ಗಿರಣಿಯಲ್ಲಿ ಎಂಟು ವರ್ಷ ದುಡಿದವನು, ಎಂಜಿನ್ನು ಮಾರಿದ ಮೇಲೆ ಬಂದವನು ಎಂದರೆ ಇಲ್ಲಿ ಅದು ಉತ್ತರವೇ ಅಲ್ಲ.

ಈಗ ಕೆಲಸ ಸಿಕ್ಕಿದೆ. ಹೇಗೆ ಸಿಕ್ಕಿತು ಎಂದು ಹೇಳಿದರೆ ನೀನು ನಗುತ್ತೀಯ, ಎದ್ವಿಜ್ ನಾಚಿಕೊಳ್ಳುತ್ತಾಳೆ.

ಊರಿನ ಅಂಚಿನಲ್ಲಿ ಬಾಂಕೊ ಎಂಬ ನದಿ. ಅಗಸರು ಅದರಲ್ಲಿ ಸೊಂಟದವರೆಗೆ ಇಳಿದು ನಿಂತಿರುತ್ತಾರೆ. ಒಬ್ಬೊಬ್ಬನ ಮುಂದೆ ಒಂದು ಲಾರಿ ಟಯರು, ಟಯರಿನೊಳಗೆ ಒಗೆಯುವ ಕಲ್ಲು. ಇಡೀ ಪಟ್ಟಣದ ಕೊಳೆ ಅಲ್ಲಿಗೆ ಬರುತ್ತದೆ, ಸಂಜೆಗೆ ಇಸ್ತ್ರಿಯಾಗಿ ಮನೆ ಸೇರುತ್ತದೆ. ಕಲ್ಲು ಇಲ್ಲದವನಿಗೆ ಅಲ್ಲಿ ಜಾಗವಿಲ್ಲ, ಯಾರಾದರೂ ಸತ್ತರೆ ಅಥವಾ ಊರಿಗೆ ಹೋದರೆ ಮಾತ್ರ ಕಲ್ಲು ಖಾಲಿಯಾಗುತ್ತದೆ. ಕಲ್ಲುಗಳ ಯಜಮಾನ ನನ್ನ ಎದುರಿಗೇ ಆರು ಜನರನ್ನು ವಾಪಸು ಕಳಿಸಿದ. ಐವತ್ತು ದಾಟಿದ ಮನುಷ್ಯ, ಬೆನ್ನು ಬಾಗಿಲಿನಷ್ಟು ಅಗಲ. ನಾನೂ ತಿರುಗಿ ಹೊರಟಿದ್ದೆ. ಅಷ್ಟರಲ್ಲಿ ಯಾರೋ ಅವನನ್ನು 'ಸವಾದೊಗೊ' ಎಂದು ಕೂಗಿದರು.

ಮೊಸ್ಸಿ ಮನೆತನದ ಹೆಸರು, ನಮ್ಮ ಸಾಮೊಗಳ ಬೈಗುಳದ ನೆಂಟ! ನಲವತ್ತು ದಿನ ಬೇಡಿ ಬೇಡಿ ನನ್ನ ನಾಲಗೆ ಸವೆದಿತ್ತು, ಅವ್ವ. ಅದಕ್ಕೆ ಒಮ್ಮೆಲೇ ಜೀವ ಬಂತು. ದಡದಲ್ಲೇ ನಿಂತು ಕೂಗಿದೆ: "ಏ ಲದ್ದಿ ಬಾಚೋನೆ, ನನ್ನ ನೀರಿಗೆ ಇಳಿಯೋಕೆ ನಿನಗೆ ಅಪ್ಪಣೆ ಕೊಟ್ಟೋರು ಯಾರು?"

ಬಟ್ಟೆ ಬಡಿಯುವ ಸದ್ದು ನಲವತ್ತು ಕಲ್ಲುಗಳಲ್ಲೂ ನಿಂತಿತು. ಅವನು ನಿಧಾನವಾಗಿ ತಿರುಗಿದ.

"ನಾಯಿ ವಾಸನೆ ಎಲ್ಲಿಂದ ಅಂತ ಆಗ್ಲಿಂದ ನೋಡ್ತಾ ಇದ್ದೆ. ಸಾಮೊಗಳ ಊರಲ್ಲಿ ನಾಯಿ ತಿಂದು ಮುಗಿಸಿದ್ರಾ? ಇಲ್ಲಿಗೂ ಬಂದ್ಯಾ?"

"ನಾಯಿ ಬೇಕಾದಷ್ಟಿವೆ. ನಮ್ಮಜ್ಜನ ಜೀತದಾಳು ಒಬ್ಬ ತಪ್ಪಿಸ್ಕೊಂಡಿದ್ದ. ಹುಡುಕ್ಕೊಂಡು ಬಂದೆ."

ಅವನು ಎಷ್ಟು ನಕ್ಕನೆಂದರೆ ಕೈಲಿದ್ದ ಅಂಗಿ ನೀರಿನಲ್ಲಿ ತೇಲಿಹೋಯಿತು, ನಾನೇ ಹಾರಿ ಹಿಡಿದೆ. ಅಲ್ಲಿಗೆ ನೌಕರಿ. ಅವನ ಹೆಸರು ರಸ್ಮಾನೆ. ನನಗೆ ಕೊಟ್ಟಿರುವುದು ಅರ್ಧ ಕಲ್ಲು. ಹತ್ತು ಗಂಟೆಗೆ ಅವನ ಪಾಲು ಮುಗಿದ ಮೇಲೆ ಅದೇ ಕಲ್ಲು ನನ್ನದು. ಪೂರ್ತಿ ಕಲ್ಲು ಸಿಕ್ಕ ದಿನ ಎದ್ವಿಜಳನ್ನು ಕರೆಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಗೋಣಿಯ ಗೋಡೆಯ ಈ ಕೋಣೆಗೆ ಹೆಂಡತಿಯನ್ನು ತರುವ ಹಾಗಿಲ್ಲ.

ಪತ್ರವನ್ನು ನದಿದಂಡೆಯ ಸಾಬೂನಿನ ಅಂಗಡಿಯ ವಿಳಾಸಕ್ಕೆ ಹಾಕು. ನಮ್ಮೆಲ್ಲರ ಟಪಾಲು ಅಲ್ಲಿಗೇ ಬರುತ್ತದೆ.

ನಿನ್ನ ಮಗ
ಇಸಿದೋರ್ ಟೊಯೆ

*

ತೊಮಾ
೧೧ ಡಿಸೆಂಬರ್ ೧೯೮೮

ಮಗಾ,

ಕೈ ನಡುಗಲಿಲ್ಲ.

ಪತ್ರವನ್ನು ಹೆಂಡದ ಚಪ್ಪರದಲ್ಲಿ ಗಟ್ಟಿಯಾಗಿ ಓದಿದೆ. ನೇಕಾರ ತಿಬೊ, ಗೊತ್ತಲ್ಲ, ನಮ್ಮ ಮೊಸ್ಸಿ, 'ಲದ್ದಿ ಬಾಚೋನೆ' ಎಂಬಲ್ಲಿಗೆ ಬಂದಾಗ ಸೋರೆಬುರುಡೆಯ ಹೆಂಡವನ್ನು ಮೂಗಿಗೆ ಎರೆದುಕೊಂಡ. ಆ ಮಾತು ಬಹಳ ಹಳೆಯದಂತೆ, ಇನ್ನೂ ಒಳ್ಳೆಯದು ಕಲಿಯಬೇಕಂತೆ ನೀನು. ಅವನು ಮೂರು ಹೇಳಿಕೊಟ್ಟಿದ್ದಾನೆ. ಹೆಂಗಸು ಬರೆಯುವಂಥವಲ್ಲ, ಆದರೂ ಪತ್ರದ ಹಿಂಬದಿಯಲ್ಲಿ ಬರೆದಿದ್ದೇನೆ.

ಇನ್ನು ಮೇಲೆ ಪ್ರತಿ ಪತ್ರದಲ್ಲೂ ರಸ್ಮಾನೆ ಏನೇನು ಬೈದ ಎಂದು ತಪ್ಪದೆ ಬರೆ. ನಮ್ಮ ಅಜ್ಜಂದಿರು ಈ ನೆಂಟಸ್ತಿಕೆಯನ್ನು ಸುಮ್ಮನೆ ಕಟ್ಟಲಿಲ್ಲ. ಸಾಮೊ ಮೊಸ್ಸಿಯನ್ನು ಬೈಯಬಹುದು, ಮೊಸ್ಸಿ ಸಾಮೊನನ್ನು ಬೈಯಬಹುದು, ಸಿಟ್ಟಾಗುವ ಹಾಗಿಲ್ಲ, ಇಲ್ಲ ಎನ್ನುವ ಹಾಗಿಲ್ಲ. ಆದರೆ ನೀನು ಅವನ ಒಡಹುಟ್ಟಿದವನಲ್ಲ, ಅವನ ಮಸೀದಿಯವನಲ್ಲ. ನಿನಗೂ ಅವನಿಗೂ ಇರುವುದು ಬೈಗುಳ ಒಂದೇ. ನಿನ್ನ ಮುದ್ದೆ ಬೇಯುತ್ತಿರುವುದು ಅದರ ಮೇಲೆ.

ಎದ್ವಿಜ್ ನಿನ್ನ ಪತ್ರ ಕೇಳಿದ ಕೂಡಲೇ ಬಟ್ಟೆ ಗಂಟು ಕಟ್ಟಿಟ್ಟಳು. ಪೂರ್ತಿ ಕಲ್ಲು ಸಿಗಬೇಕಂತೆ ಕಣೆ ಎಂದೆ. ಬಿಚ್ಚಿದಳು. ಸೀರಣಿಗೆ ಮಾತ್ರ ಗಂಟಿನಲ್ಲೇ ಉಳಿದಿದೆ, ಈಗ ನನ್ನದರಲ್ಲಿ ತಲೆ ಬಾಚಿಕೊಳ್ಳುತ್ತಾಳೆ.

ನೀರಲ್ಲಿ ನಿಲ್ಲುವವನು ಬೆಚ್ಚಗಿನದನ್ನು ತಿನ್ನು.

ನಿನ್ನ ಅವ್ವ
ಪೆರ್ಪೆತೂ ಕಿ

*

ಅಬಿಜಾನ್
೨೨ ಜನವರಿ ೧೯೮೯

ಅವ್ವನಿಗೆ,

ಕೆಲಸ ಕಲಿತೆ ಎನ್ನಬಹುದು. ಬಡಿಯುವುದು ಕಷ್ಟವಲ್ಲ, ನೆನಪಿಟ್ಟುಕೊಳ್ಳುವುದು ಕಷ್ಟ. ಬೆಳಗ್ಗೆ ಮನೆಮನೆಗೆ ಹೋಗಿ ಮೂಟೆ ತರುತ್ತೇವೆ. ನೂರಿಪ್ಪತ್ತು ಬಟ್ಟೆ ಒಂದೇ ನೀರಿನಲ್ಲಿ ಕಲೆತುಹೋಗುತ್ತವೆ, ಸಂಜೆ ಒಂದೊಂದೂ ಅದರದರ ಮನೆಗೆ ಸೇರಬೇಕು. ನಾನು ಅಕ್ಷರಸ್ಥನಲ್ಲವೇ? ಮೊದಲನೆಯ ದಿನ ಚೀಟಿಗಳಲ್ಲಿ ಹೆಸರು ಬರೆದು ಪಿನ್ನು ಚುಚ್ಚಿದೆ. ನೀರಿಗೆ ಬಿದ್ದ ಮೂರನೆಯ ನಿಮಿಷಕ್ಕೆ ನೀಲಿ ಶಾಯಿ ಬಿಟ್ಟು ಒಬ್ಬ ಉಪದೇಶಿಯ ಬಿಳಿ ಅಂಗಿ ಆಕಾಶದ ಬಣ್ಣವಾಯಿತು.

ರಸ್ಮಾನೆ ಆ ಅಂಗಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಓದು ಬಲ್ಲ ನಾಯಿತಿನ್ನೋನು. ನೀರಿಗೆ ಓದೋಕೆ ಬರಲ್ಲ ಅಂತ ಇವನ ಮೇಷ್ಟ್ರು ಹೇಳಿಕೊಡ್ಲಿಲ್ಲ." ಆಮೇಲೆ ಸಾಯಂಕಾಲದವರೆಗೆ ಕೂತು ಅದನ್ನು ನಿಂಬೆರಸದಲ್ಲಿ ತಿಕ್ಕಿ ತಿಕ್ಕಿ ಬಿಳಿ ಮಾಡಿಕೊಟ್ಟವನೂ ಅವನೇ. ಈಗ ನಾನೂ ಎಲ್ಲರ ಹಾಗೆ ಕಾಲರಿನ, ಸೊಂಟಪಟ್ಟಿಯ ಒಳಗೆ ನೂಲಿನ ಗಂಟು ಹಾಕುತ್ತೇನೆ. ಶಾಲೆ ಮೇಷ್ಟರಿಗೆ ಎರಡು ಗಂಟು, ಸುಂಕದ ಅಧಿಕಾರಿಗೆ ಮೂರು, ಉಪದೇಶಿಗೆ ಗಂಟು ಬೇಡ. ಆ ಅಂಗಿ ನನಗೆ ಕನಸಿನಲ್ಲೂ ಗುರುತು ಸಿಗುತ್ತದೆ.

ತಿಬೊಗೆ ಓದಿ ಹೇಳು. ಈ ತಿಂಗಳ ಬೈಗುಳ: ನನ್ನ ಕಾಲು ನೋಡಿ ಕೊಕ್ಕರೆಯೂ ಸಂಬಂಧ ಬೇಡ ಅಂದಿತಂತೆ. ನಾನು ಉಣ್ಣುವಾಗ ದಂಡೆಯ ನಾಯಿಗಳೆಲ್ಲ ಮರ ಹತ್ತುತ್ತವಂತೆ. ನನ್ನ ಅಮ್ಮ ಹೆಂಡ ಕಾಯಿಸುವ ಗಡಿಗೆಯಲ್ಲೇ ನನ್ನನ್ನು ಹೆತ್ತಳಂತೆ, ಅದಕ್ಕೇ ತಲೆಯಲ್ಲಿ ಬರೀ ನೊರೆಯಂತೆ. ಇದು ನಿನಗೆ ತಗಲುವ ಮಾತು, ಉತ್ತರ ನೀನೇ ಬರೆದು ಕಳಿಸು.

ನಾನೂ ಬಿಟ್ಟಿಲ್ಲ. ಅವನು ಕೆಮ್ಮಿದಾಗಲೆಲ್ಲ, ಚಳಿಗಾಲದ ದೂಳಿಗೆ ಸ್ವಲ್ಪ ಕೆಮ್ಮುತ್ತಾನೆ, "ಬೇಗ ಸಾಯಿ ಲದ್ದಿಯವನೆ, ನಿನ್ನ ಕಲ್ಲಿಗೆ ನಾನು ಕಾಯ್ತಾ ಇದ್ದೀನಿ" ಎನ್ನುತ್ತೇನೆ. "ಸತ್ತರೂ ಕಲ್ಲು ಜೊತೇಲೇ ಒಯ್ತೀನಿ, ನಾಯಿತಿನ್ನೋನಿಗೆ ಬಿಡಲ್ಲ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ.

ಈಸ್ಟರ್ ಹೊತ್ತಿಗೆ ಒಬ್ಬ ಮುದುಕ ಊರಿಗೆ ಹೋಗುವವನಿದ್ದಾನೆ. ಅವನ ಕಲ್ಲು ನನಗೇ ಬರಬಹುದು. ಎದ್ವಿಜಳಿಗೆ ಹೇಳು.

ನಿನ್ನ ಮಗ
ಇಸಿದೋರ್

*

ತೊಮಾ
೧೯ ಫೆಬ್ರವರಿ ೧೯೮೯

ಮಗಾ,

ರಸ್ಮಾನೆಗೆ ಹೇಳು: ನನ್ನ ಗಡಿಗೆಯ ನೊರೆ ಕುಡಿದೇ ಅವನ ಜಾತಿಯವರು ಅರ್ಧ ಜನ ದಾರಿ ತಪ್ಪದೆ ಮನೆ ಸೇರುತ್ತಿದ್ದಾರೆ. ಅವನು ಹೆಂಡ ಮುಟ್ಟದ ಮೊಸ್ಸಿಯಾದ್ದರಿಂದ ನೀರಿಗೆ ಬಿದ್ದಿದ್ದಾನೆ.

ಎದ್ವಿಜ್ ಗಂಟು ಮತ್ತೆ ಕಟ್ಟಿದ್ದಾಳೆ. ಈ ಸಲ ಉಪ್ಪು ಹಾಕಿ ಒಣಗಿಸಿದ ಬೆಂಡೆಕಾಯಿಯನ್ನೂ ಸೇರಿಸಿದ್ದಾಳೆ. ಹುಳ ಬೀಳುವ ಮೊದಲು ಆ ಕಲ್ಲನ್ನು ಹಿಡಿ.

ಆ ಕೆಮ್ಮು ದೂಳಿನದೇ ತಾನೆ? ಸುಮ್ಮನೆ ಕೇಳಿದೆ.

ಅವ್ವ

*

ಅಬಿಜಾನ್
೯ ಏಪ್ರಿಲ್ ೧೯೮೯

ಅವ್ವನಿಗೆ,

ಈಸ್ಟರ್ ಕಳೆಯಿತು. ಊರಿಗೆ ಹೋಗಬೇಕಾಗಿದ್ದ ಮುದುಕ ಮನಸ್ಸು ಬದಲಾಯಿಸಿದ. ಅದಲ್ಲ ನನ್ನ ಚಿಂತೆ.

ಹಿಂದಿನ ಮಂಗಳವಾರ ಒಂದು ತಪ್ಪು ಮಾಡಿದೆ. ಗಂಟು ಎಣಿಸುವಾಗ ಬೆರಳು ಮರಗಟ್ಟಿತ್ತೋ ಏನೋ, ಸುಂಕದ ಅಧಿಕಾರಿಯ ಪ್ಯಾಂಟು ಶಾಲೆ ಮೇಷ್ಟರ ಮನೆಗೆ ಹೋಯಿತು. ಅಧಿಕಾರಿ ದಂಡೆಗೇ ಬಂದು ಕೂಗಾಡಿದ. ರಸ್ಮಾನೆ ತಲೆ ಬಗ್ಗಿಸಿ, ತಪ್ಪು ನನ್ನದೇ ಸ್ವಾಮಿ ಎಂದು ಅವನ ಮುಂದೆ ನಿಂತುಕೊಂಡ. ನನ್ನ ಹೆಸರು ಎತ್ತಲೇ ಇಲ್ಲ. ಆ ಮೇಲೆ ಬೈಯುತ್ತಾನೆ ಎಂದು ಕಾದೆ. ಇಡೀ ದಿನ ಕಾದೆ. ಬೈಯಲಿಲ್ಲ.

ಬುಧವಾರ ಬೆಳಗ್ಗೆ ನಾನು ಮೂಟೆ ಇಳಿಸುವಾಗ ಹತ್ತಿರ ಬಂದು, ಬಹಳ ಮೆಲ್ಲಗೆ ಹೇಳಿದ: "ಇಸಿದೋರ್, ಚೆನ್ನಾಗಿದೀಯಾ? ಊರಲ್ಲಿ ತಾಯಿಯವರು ಆರೋಗ್ಯವಾಗಿದ್ದಾರಾ?"

ಅವ್ವ, ಈ ಐದು ತಿಂಗಳಲ್ಲಿ ಅವನ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನನ್ನ ಹೆಸರು ಅವನಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಆರೋಗ್ಯವಾಗಿದ್ದಾರೆ ಸ್ವಾಮಿ, ಎಂದೆ. ಹೌದು, 'ಸ್ವಾಮಿ' ಎಂದೇ ಬಂತು ಬಾಯಿಗೆ.

"ಕೂತ್ಕೋ. ನಿನ್ನ ಹತ್ರ ಒಂದು ಮಾತಿದೆ," ಎಂದ.

ಏನು ಮಾತು ಎಂದು ಕೇಳಲು ಧೈರ್ಯ ಬರಲಿಲ್ಲ. ಅವನ ಅಣ್ಣನ ಮಗ ನುಫು ಕಳೆದ ತಿಂಗಳು ಊರಿನಿಂದ ಬಂದು ದಂಡೆಯಲ್ಲೇ ಇದ್ದಾನೆ, ಹೆಗಲು ನನ್ನ ಎರಡರಷ್ಟು. ಬಟ್ಟೆ ತಲುಪಿಸುವುದಿದೆ ಎಂದು ಹೇಳಿ ಓಡಿದೆ. ಮರುದಿನವೂ ಹಾಗೇ ಹೆಸರು ಹಿಡಿದು ಕರೆದ, ಮರುದಿನವೂ ಓಡಿದೆ. ಅವನು ಹೇಳದೆ ಹೋದರೆ ಅರ್ಧ ಕಲ್ಲಾದರೂ ಉಳಿಯುತ್ತದಲ್ಲ ಎಂಬ ಲೆಕ್ಕ ನನ್ನದು.

ಎದ್ವಿಜಳಿಗೆ ಇದೆಲ್ಲ ಓದಬೇಡ. ಸ್ವಲ್ಪ ತಡವಾಗುತ್ತದೆ ಎಂದಷ್ಟೇ ಹೇಳು.

ಇಸಿದೋರ್

*

ಅಬಿಜಾನ್
೧ ಮೇ ೧೯೮೯

ಅವ್ವನಿಗೆ,

ನಿನ್ನಿಂದ ಪತ್ರವಿಲ್ಲ. ಬಂದಿದ್ದರೂ ನನಗೆ ಸಿಗುವ ಹಾಗಿಲ್ಲ, ಯಾಕೆಂದರೆ ನಾನು ನದಿಯ ಕಡೆ ಹೋಗಿ ಹದಿನಾರು ದಿನವಾಯಿತು.

ಅವನು ಕೆಲಸದಿಂದ ಕಳಿಸುವ ಮೊದಲು ನಾನೇ ಬಿಟ್ಟೆ. ಈಗ ಪಟ್ಟಣದ ಇನ್ನೊಂದು ತುದಿಯ ಒಂದು ಮರ ಕೊಯ್ಯುವ ಕಾರ್ಖಾನೆಯಲ್ಲಿ ಹಲಗೆ ಹೊರುತ್ತಿದ್ದೇನೆ, ದಿನಗೂಲಿ. ಹೊತ್ತರೆ ಇದೆ, ಮಳೆ ಬಂದರೆ ಇಲ್ಲ. ಮಳೆ ಬರುತ್ತಲೇ ಇದೆ. ಇಲ್ಲಿನ ಮೇಸ್ತ್ರಿ ಎಲ್ಲರನ್ನೂ ಬೈಯುತ್ತಾನೆ, ಅದರಲ್ಲಿ ನೆಂಟಸ್ತಿಕೆ ಏನೂ ಇಲ್ಲ.

ರಸ್ಮಾನೆ ಆಸ್ಪತ್ರೆ ಸೇರಿದ್ದಾನೆ ಎಂದು ಬಸ್ಸಿನಲ್ಲಿ ಸಿಕ್ಕ ಒಬ್ಬ ಅಗಸ ಹೇಳಿದ. ಹೋಗಿ ನೋಡಬೇಕು. ಆದರೆ ಹಾಸಿಗೆಯಲ್ಲಿ ಮಲಗಿಕೊಂಡು ಅವನು ಮತ್ತೆ 'ಇಸಿದೋರ್' ಎಂದುಬಿಟ್ಟರೆ? ಅವನ ಸಿಟ್ಟು ಇಳಿದ ಮೇಲೆ ಹೋಗುತ್ತೇನೆ. ಜೂನ್ ಮುಗಿಯುವುದರೊಳಗೆ ಏನೂ ಆಗದಿದ್ದರೆ ರೈಲು ಹತ್ತುತ್ತೇನೆ. ಗಂಟು ಬಿಚ್ಚಿಡಲು ಹೇಳು.

ಇಸಿದೋರ್

*

ತೊಮಾ
೩ ಮೇ ೧೯೮೯

ಮಗಾ,

ನಿನ್ನ ಏಪ್ರಿಲ್ ತಿಂಗಳ ಪತ್ರ ಇವತ್ತು ಬಂತು. ನಿಂತ ಕಾಲಲ್ಲೇ ಬರೆಯುತ್ತಿದ್ದೇನೆ, ಕುದುಗುವಿಗೆ ಹೋಗುವ ಲಾರಿ ಹೊರಗೆ ಕಾಯುತ್ತಿದೆ. ಕೈ ನಡುಗುತ್ತಿದೆ, ಅಕ್ಷರ ನೋಡಿಯೇ ತಿಳಿಯುತ್ತದೆ ನಿನಗೆ.

ಪತ್ರವನ್ನು ಎರಡು ಸಲ ಓದಿದೆ, ಒಂದೂ ಬೈಗುಳವಿಲ್ಲ. ನೇಕಾರ ತಿಬೊನ ತಮ್ಮ ಹೋದ ವರ್ಷ ತೀರಿಕೊಂಡನಲ್ಲ, ಸಾಯುವ ಮೊದಲಿನ ವಾರ ಅವನು ಬಂದು ನನ್ನ ಚಪ್ಪರದಲ್ಲಿ ಕೂತು "ಪೆರ್ಪೆತೂ ಅಕ್ಕಾ" ಎಂದು ಕರೆದಿದ್ದ. ಮೂವತ್ತು ವರ್ಷ ನನ್ನನ್ನು 'ನಾಯಿಸಾರಿನ ಮುದುಕಿ' ಎನ್ನುತ್ತಿದ್ದವನು. ಕುಡಿದದ್ದು ಹೆಚ್ಚಾಯಿತು ಎಂದುಕೊಂಡು ನಾನು ಪಾತ್ರೆ ತೊಳೆಯಲು ಎದ್ದು ಹೋದೆ. ಅವನು ಏನು ಹೇಳಲು ಬಂದಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಿನ್ನನ್ನು ಓಡಿಸಬೇಕೆಂದಿರುವವನು ತಾಯಿಯ ಆರೋಗ್ಯ ಕೇಳುವುದಿಲ್ಲ, ದಡ್ಡ. ಆ ಮನುಷ್ಯನಿಗೆ ಏನೋ ಆಗಿದೆ. ಎದ್ದು ಹೋಗು. ಅವನು ಎಲ್ಲಿದ್ದರೂ ಹೋಗು. ಕಾಲು ಹಿಡಿಯಬೇಡ, ಸ್ವಾಮಿ ಎನ್ನಬೇಡ. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಬೈ. ಹಿಂಬದಿಯಲ್ಲಿ ತಿಬೊ ಹೇಳಿದ ಹೊಸದೊಂದು ಬರೆದಿದ್ದೇನೆ.

ಅವ್ವ

*

ಅಬಿಜಾನ್
೨೮ ಮೇ ೧೯೮೯

ಅವ್ವನಿಗೆ,

ನಿನ್ನ ಪತ್ರ ಸಾಬೂನಿನ ಅಂಗಡಿಯಲ್ಲಿ ಒಂಬತ್ತು ದಿನ ಬಿದ್ದಿತ್ತು. ಗುರುವಾರ ಬೆಳಗ್ಗೆ ಅದನ್ನು ನುಫು ತಂದುಕೊಟ್ಟ. ಕಾರ್ಖಾನೆಯ ಹಲಗೆಗಳ ನಡುವೆ ನನ್ನನ್ನು ಹುಡುಕಿಕೊಂಡು ಬಂದು, ಪತ್ರ ಕೈಗಿಟ್ಟು ಹೇಳಿದ: "ಚಿಕ್ಕಪ್ಪ ತೀರಿಕೊಂಡ್ರು. ಮಧ್ಯಾಹ್ನ ನಮಾಜಾದ ಮೇಲೆ ಮಣ್ಣು. ನಮ್ಮ ಕಡೆ ಗೊತ್ತಿರೋ ಸಾಮೊ ಅಂದ್ರೆ ನೀನೊಬ್ಬನೇ. ನೀನು ಬಾರದೆ ಎತ್ತೋ ಹಾಗಿಲ್ಲ."

ಬಸ್ಸಿನಲ್ಲಿ ನಿನ್ನ ಪತ್ರ ಓದಿದೆ. ನುಫು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಶ್ವಾಸಕೋಶ ಎಂದ. ಜನವರಿಯಿಂದಲೇ ರಕ್ತ ಬೀಳುತ್ತಿತ್ತಂತೆ, ನೀರಿನಲ್ಲಿ ನಿಂತು ಕೆಮ್ಮಿದರೆ ಯಾರಿಗೂ ಕಾಣುವುದಿಲ್ಲ ತಾನೆ. ನಾನು ಆ ಕೆಮ್ಮಿಗೆ ಏನೆನ್ನುತ್ತಿದ್ದೆ ಎಂಬುದು ನೆನಪಾಗಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ದಿನಾ ಬೆಳಗ್ಗೆ ಕೇಳೋರು," ಎಂದ ನುಫು, "ನಾಯಿತಿನ್ನೋನು ಬಂದನಾ ಅಂತ. ಇಲ್ಲ ಅಂತಿದ್ದೆ."

ಕಲ್ಲಿನ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಅಂಗೈ ನೋಡಿದೆ. ಸಾಬೂನಿಗೆ ಬಿಳಿಚಿ ಸುಲಿದಿತ್ತು. ನನ್ನ ಪಾಲಿನ ಹೊತ್ತಿನಲ್ಲಿ ಒಗೆಯುತ್ತಿದ್ದವನು ಅವನೇ ಎಂದು ಗೊತ್ತಾಯಿತು.

ಸ್ಮಶಾನದಲ್ಲಿ ನಲವತ್ತು ಕಲ್ಲುಗಳವರೂ ಇದ್ದರು. ನನಗೆ ದಾರಿ ಬಿಟ್ಟು ನಿಂತರು. ಮೊಸ್ಸಿ ಸತ್ತಾಗ ಅವನ ಗುಂಡಿಯ ಹತ್ತಿರ ನಮ್ಮವರು ಏನು ಆಟ ಕಟ್ಟುತ್ತಾರೆಂದು ನಿನಗೆ ಗೊತ್ತು, ಚಿಕ್ಕಂದಿನಲ್ಲಿ ನಾನೂ ನೋಡಿ ನಕ್ಕಿದ್ದೇನೆ. ಈಗ ನನ್ನ ಸರದಿ. ಅಂಗಿ ಕಳಚಿ ಗುಂಡಿಗೆ ಇಳಿದು ಮಲಗಿಬಿಟ್ಟೆ. ಕೆಳಗೆ ಮಳೆನೀರು ನಿಂತಿತ್ತು, ನದಿಗಿಂತ ತಣ್ಣಗೆ.

"ಇದು ನನ್ನ ಜಾಗ," ಎಂದೆ. "ನನ್ನ ಜೀತದಾಳು ನನ್ನ ಅಪ್ಪಣೆ ಇಲ್ಲದೆ ಸತ್ತಿದ್ದಾನೆ. ಇವನನ್ನ ವಾಪಸು ಕರ್ಕೊಂಡು ಹೋಗಿ."

ಯಾರೋ ನಕ್ಕರು, ನಗಬೇಕಾದ ಜಾಗವದು. ಏಳಪ್ಪ, ಏನು ಬೇಕು ಕೇಳು, ಎಂದು ವಾಡಿಕೆಯಂತೆ ಹಿರಿಯರು ಪುಸಲಾಯಿಸಿದರು. ಕೋಳಿ ಕೊಡುತ್ತೇವೆ, ಟೋಪಿ ಕೊಡುತ್ತೇವೆ. ಮೇಲೆ ಗುಂಡಿಯ ಅಂಚಿನಲ್ಲಿ ನುಫುವಿನ ಕಾಲು ಕಾಣುತ್ತಿತ್ತು. ಎಲ್ಲರ ಮನಸ್ಸಿನಲ್ಲಿ ಏನಿತ್ತೆಂದು ನನಗೂ ಗೊತ್ತು. ಆ ಹೊತ್ತಿನಲ್ಲಿ ಸಾಮೊ ಏನು ಕೇಳಿದರೂ ಇಲ್ಲ ಎನ್ನುವ ಹಾಗಿಲ್ಲ. ಕಲ್ಲು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆರು ತಿಂಗಳಿಂದ ಎದ್ವಿಜ್ ಕಟ್ಟಿ ಬಿಚ್ಚುತ್ತಿರುವ ಗಂಟು ನನ್ನ ಕಣ್ಣ ಮುಂದಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಎರಡು ದಿನ ಇವನು ನನ್ನನ್ನ ಹೆಸರು ಹಿಡಿದು ಕರೆದ. ಅದನ್ನ ವಾಪಸು ತಗೊಳ್ಳಲಿ. ಒಂದು ಸಲ, ಒಂದೇ ಸಲ, ಸರಿಯಾಗಿ ಕರೀಲಿ. ಎದ್ದು ಹೋಗ್ತೀನಿ."

ಇದು ವಾಡಿಕೆಯಲ್ಲಿ ಇಲ್ಲದ್ದು. ಸತ್ತವನು ಹೇಗೆ ಕರೆದಾನು? ಮಳೆ ಹನಿಯಲು ಶುರುವಾಯಿತು. ನನಗೆ ಆಟ ಯಾವುದು, ಅಳು ಯಾವುದು ಎಂದು ತಿಳಿಯದೆ ಹಾಗೇ ಬಿದ್ದಿದ್ದೆ.

ಆಗ ನುಫು ಬಗ್ಗಿದ. ಮೊದಲು ಕೆಮ್ಮಿದ, ಅವನ ಚಿಕ್ಕಪ್ಪ ಕೆಮ್ಮುತ್ತಿದ್ದ ಹಾಗೆಯೇ. ಆ ಮೇಲೆ ಅದೇ ದನಿಯಲ್ಲಿ, ಅದೇ ಎಳೆತದಲ್ಲಿ ಹೇಳಿದ:

"ಏ ನಾಯಿತಿನ್ನೋನೆ. ನನ್ನ ಹಾಸಿಗೆ ಬಿಟ್ಟು ಏಳು. ಅಲ್ಲಿ ನಿನ್ನ ಕಲ್ಲು ಒಣಗ್ತಾ ಇದೆ."

ಎದ್ದೆ. ಅವರೇ ಕೈ ಕೊಟ್ಟು ಮೇಲೆತ್ತಿದರು.

ವಾಪಸು ಬರುವಾಗ ನುಫು ಹೇಳಿದ, ಏಪ್ರಿಲ್‌ನ ಆ ಬುಧವಾರ ರಸ್ಮಾನೆಗೆ ಹೇಳಲಿಕ್ಕಿದ್ದದ್ದು ಅದೇ ಮಾತಂತೆ. ಇಡೀ ಕಲ್ಲು ತಗೋ, ನುಫುವಿಗೆ ಕೆಲಸ ಕಲಿಸು ಎಂದು. "ಬೈದು ಹೇಳಿದ್ರೆ ನೀನು ನಗ್ತಿದ್ದೆಯಂತೆ, ನಂಬ್ತಿರಲಿಲ್ಲವಂತೆ. ಅದಕ್ಕೇ ಮರ್ಯಾದೆಯಾಗಿ ಕರೆದ್ರಂತೆ."

ಶುಕ್ರವಾರ ಬೆಳಗ್ಗೆ ನದಿಗೆ ಹೋದೆ. ಗುಂಡಿಯ ಅಂಚಿನಲ್ಲಿ ಆಡಿದ ಮಾತು ಆಟದ ಮಾತೂ ಆಗಿರಬಹುದಲ್ಲ. ಬೆಳಿಗ್ಗೆ ಅದು ಉಳಿದಿರುತ್ತದೆಂದು ಯಾರು ಹೇಳಬಲ್ಲರು? ಮೂಟೆ ಹೊತ್ತು ದಂಡೆಯಲ್ಲೇ ನಿಂತೆ. ಟಯರಿನ ಪಕ್ಕದಲ್ಲಿ ನುಫು ನಿಂತಿದ್ದ. ನನ್ನನ್ನು ನೋಡಿ ನೀರಿಗೆ ಉಗಿದ. "ಸೂರ್ಯ ನೆತ್ತಿಗೆ ಬಂದ ಮೇಲೆ ಬಂದ ನೋಡಿ, ನಾಯಿ ಬೇಯಿಸ್ಕೊಂಡು ತಿಂದು," ಎಂದ. ಆಚೆ ಕಲ್ಲಿನವನು ನಕ್ಕ. ಅದರಾಚೆಯವನು ನನ್ನ ಕಾಲಿನ ಬಗ್ಗೆ ಏನೋ ಅಂದ.

ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಇಳಿದೆ.

ಎದ್ವಿಜ್ ಗಂಟು ಬಿಚ್ಚಿದ್ದರೆ ಮತ್ತೆ ಕಟ್ಟಲಿ. ತಿಬೊ ಕಳಿಸಿದ ಹೊಸ ಬೈಗುಳ ನನ್ನ ಜೇಬಿನಲ್ಲೇ ಇದೆ, ಬಳಸಲಿಲ್ಲ.

ನಿನ್ನ ಮಗ
ನಾಯಿತಿನ್ನೋನು